ಇಂಚಿನ ಲೇತ್ ಮ್ಯಾಲೆ ಎಂಎಂ ಕೆಲಸ ಹೆಂಗ್ರಿ?

ಲೇತ್ ಹುಡುಗ: ನಮಸ್ಕಾರ್ರಿ ಎಲ್ಲಾರ್ಗೂ. ಹುಬ್ಬಳ್ಳಿ ಗೋಕುಲ ರೋಡಿನ್ಯಾಗ ನಮ್ಮಪ್ಪಾರ್ದು ಸಣ್ಣ ವರ್ಕ್‌ಶಾಪ್ ಐತಿ, ಹಳೇ ಲೇತು, ಲೀಡ್ ಸ್ಕ್ರೂ (ಥ್ರೆಡ್ ಹಾಕೂವಾಗ ಟೂಲ್ ಮುಂದ ತಳ್ಳೋ ಉದ್ದನ ಸ್ಕ್ರೂ) ಇಂಚಿಗೆ 4 ಥ್ರೆಡ್. ಕೂರಿಗಿ, ಟ್ರ್ಯಾಲಿ ರಿಪೇರಿ ಎಲ್ಲಾ ಸೂತ್ (ಇಂಚಿನ ಎಂಟನೇ ಒಂದು ಭಾಗ) ಲೆಕ್ಕದಾಗ ನಡದಿತ್ತು, ಈಗ ಬರೋ ಡ್ರಾಯಿಂಗ್ ಪೂರಾ ಎಂಎಂದಾಗ, ಎಂ12 (12 ಎಂಎಂ ವ್ಯಾಸದ) ಥ್ರೆಡ್ ಕೇಳ್ತಾರ. ಟರ್ನರ್ ಕಾಕಾ ಪ್ರತಿ ಅಳತಿ ಇಂಚಿಗೆ ತಿರುಗಿಸಿ ಮಾಡ್ತಾರ, ಪೀಸ್ ರಿಜೆಕ್ಟ್ ಆಗಾಕತ್ತಾವು. ಲೇತ್ ಮಾರಿಬಿಡೂದೇನ್ರಿ?

ತಾರಿಹಾಳ ಟರ್ನರ್: ಮಾರಬ್ಯಾಡ್ರಿ ತಮ್ಮಾ! 127 ಹಲ್ಲಿನ ಚೇಂಜ್ ಗೇರ್ (ಪೀಸ್ ತಿರುಗಿಸೋ ಸ್ಪಿಂಡಲ್‌ಗೂ ಲೀಡ್ ಸ್ಕ್ರೂಗೂ ನಡುವ ಬದ್ಲಿ ಮಾಡೋ ಗೇರ್) ಒಂದು ಹಾಕಸ್ರಿ ಸಾಕು. ಇಂಚು ಅಂದ್ರ ಸರಿಯಾಗಿ 25.4 ಎಂಎಂ, ಅದನ್ನ ಐದರಿಂದ ಗುಣಿಸಿದ್ರ 127, ಅದಕ್ಕ ಆ ಗೇರ್. ನಿಮ್ಮ 4 ಥ್ರೆಡ್ ಸ್ಕ್ರೂಗೆ 127 ಸ್ಕ್ರೂ ಕಡೆ ಹಾಕಿ, ಸ್ಪಿಂಡಲ್ ಕಡೆ ಪಿಚ್ (ಒಂದು ಥ್ರೆಡ್‌ನಿಂದ ಇನ್ನೊಂದಕ್ಕ ಅಂತರ, ಎಂಎಂದಾಗ) ಗುಣಿಲೆ 20 ಹಲ್ಲು. ಎಂ12ರ ಪಿಚ್ 1.75, ಅಂದ್ರ 35 ಹಲ್ಲು. 1.5 ಪಿಚ್ ಇದ್ರ 30. ಆದ್ರ ಥ್ರೆಡ್ ಮುಗಿಯೋತನಕ ಹಾಫ್ ನಟ್ (ಟೂಲ್ ಹೊತ್ತ ಕ್ಯಾರೇಜನ್ನ ಲೀಡ್ ಸ್ಕ್ರೂಗೆ ಹಿಡಿಸೋ ನಟ್) ಬಿಚ್ಚಾಂಗಿಲ್ಲ, ಟೂಲ್ ಹಿಂದ ತಗೊಂಡು ಮಷೀನ್ ರಿವರ್ಸ್ ಮಾಡಿ ವಾಪಸ್ ತರ್ಬೇಕು, ಇಲ್ಲಾಂದ್ರ ಥ್ರೆಡ್ ತಪ್ಪತೈತಿ. ಟೂಲೂ 60 ಡಿಗ್ರಿ ಗ್ರೈಂಡ್ ಮಾಡ್ರಿ, ಹಳೇ ಇಂಚಿನ ಥ್ರೆಡ್ ವಿಟ್ವರ್ತ್‌ದು 55 ಇರ್ತೈತಿ.

ಧಾರವಾಡ ಕ್ಯೂಸಿ: ಗೇರ್ ಸರಿ, ಆದ್ರ ರಿಜೆಕ್ಟ್ ಆಗೂದು ಬಹುಶಃ ಎಂಎಂ ಅಳತಿ ಇಂಚಿಗೆ ತಿರುಗಿಸೂದ್ರಿಂದ ರೀ. ಡ್ರಾಯಿಂಗ್‌ನ್ಯಾಗ 25 ಎಚ್7 ರಂಧ್ರ ಅಂದ್ರ 25.000ದಿಂದ 25.021 ಎಂಎಂ, ಒಂದು ಥೌ (ಇಂಚಿನ ಸಾವಿರದ ಒಂದು ಭಾಗ) ಅಂದ್ರನ 0.0254 ಎಂಎಂ, ಅಂದ್ರ ಇಡೀ ಟಾಲರೆನ್ಸ್ (ಹೆಚ್ಚು ಕಡಿಮಿ ಆಗಾಕ ಇರೋ ಅವಕಾಶ) ಒಂದು ಥೌಗಿಂತ ಕಡಿಮಿ! ಎಂಎಂ ಮೈಕ್ರೋಮೀಟರ್, ಎಂಎಂ ಬೋರ್ ಗೇಜ್ ತಂದು ನೇರ ಅಳೀರಿ, ಹ್ಯಾಂಡಲ್ ಡಯಲ್ ಥೌದಾಗ ಇದ್ರ ಕ್ಯಾರೇಜ್‌ಗೆ ಎಂಎಂ ಡಯಲ್ ಇಂಡಿಕೇಟರ್ ಕೂಡ್ರಸ್ರಿ. ಕಾಕಾಗ ಒಂದು 6205 ಬೇರಿಂಗ್ ಕೈಯಾಗ ಕೊಡ್ರಿ, ಒಳಗ 25, ಹೊರಗ 52, ಅಗಲ 15 ಎಂಎಂ, ದಿನಾ ಎಂಎಂದಾಗ ಕೆಲಸ ಮಾಡ್ಯಾರ ಅವ್ರು. ಅವ್ರ ಕೈ ಬೆಲೆಬಾಳೂದು, ಬಿಡಬ್ಯಾಡ್ರಿ.

ಹಾವೇರಿ ಪಂಪ್‌ಸೆಟ್: ಇಂಚಿನ ಟ್ಯಾಪ್ ಡೈ (ಕೈಲೆ ಥ್ರೆಡ್ ಹಾಕೋ ಸಾಮಾನು) ಒಗೀಬ್ಯಾಡ್ರಿ ಮತ್ತ. ಪೈಪ್ ಥ್ರೆಡ್ ಇವತ್ತಿಗೂ ಇಂಚಿನ ಲೆಕ್ಕಾನ, ಅರ್ಧ ಇಂಚಿನ ಪೈಪಿಗೆ ಇಂಚಿಗೆ 14 ಥ್ರೆಡ್. ಬ್ಯಾರೆ ಡಬ್ಬಿ ಮಾಡಿ ಬಣ್ಣ ಹಚ್ಚಿಡ್ರಿ, ಅರ್ಧ ಇಂಚಿನ ನಟ್ ಎಂ12 ಬೋಲ್ಟಿಗೆ ಹಾಕಿ ಜೋರ್ ಮಾಡಿದ್ರ ಥ್ರೆಡ್ ಹಾಳು.

ಲೇತ್ ಹುಡುಗ: ಭಾಳ ಉಪಕಾರ ಆತ್ರಿ. 127ರ ಗೇರ್ ಮಾಡ್ಸೂವಾಗ ಹಲ್ಲಿನ ಸೈಜ್ ಏನ್ ಹೇಳ್ಲಿ?

ತಾರಿಹಾಳ ಟರ್ನರ್: ಈಗಿರೋ ಗೇರ್ ಹಲ್ಲು ಎಣಿಸಿ 2 ಕೂಡಸ್ರಿ, ಹೊರ ವ್ಯಾಸ ಎಷ್ಟು ಇಂಚೋ ಅದರಿಂದ ಭಾಗಸ್ರಿ, ಡಿಪಿ (ಡಯಾಮೆಟ್ರಲ್ ಪಿಚ್, ಇಂಚಿನ ಲೆಕ್ಕದಾಗ ಹಲ್ಲಿನ ಸೈಜ್) ಬರ್ತೈತಿ, ಅದನ್ನ ಹೇಳ್ರಿ. 127 ದೊಡ್ಡ ಗೇರ್, ಕವರ್ ಒಳಗ ಜಾಗ ಐತಿಲ್ಲೋ ಮೊದ್ಲ ನೋಡ್ರಿ.