ಹಳೆ ಏರ್ ರೈಫಲ್, ಕೈಯಲ್ಲಿ 40 ಸಾವಿರ: ಯಾವುದಕ್ಕೆ ಹಾಕಲಿ?

ಧಾರವಾಡ_10ಮೀಟರ್:
ನಮಸ್ಕಾರ್ರೀ. ಸೆಕೆಂಡ್ ಪಿಯು ಓದಾಕತ್ತೀನಿ. 10 ಮೀಟರ್ ಏರ್ ರೈಫಲ್ ಶುರು ಮಾಡಿ ಎರಡು ವರ್ಷ ಆತು. ಹೋದ ವರ್ಷ ಸೆಕೆಂಡ್‌ಹ್ಯಾಂಡ್ ವಾಲ್ಥರ್ ಎಲ್‌ಜಿ 400 ತಗೊಂಡೆ. 60 ಶಾಟಿಗೆ 598ರಿಂದ 603 ಪಾಯಿಂಟ್, ಅಲ್ಲೇ ನಿಂತುಬಿಟ್ಟದ. ಅಪ್ಪ 40 ಸಾವಿರ ಕೊಡ್ತೀನಿ ಅಂದಾರ. ಡಯಾಪ್ಟರ್ (ಗುರಿ ನೋಡೋ ಹಿಂದಿನ ಕಿಂಡಿ) ಬದಲಿಸ್ಲೋ, ಬಟ್ ಪ್ಲೇಟ್ (ಭುಜಕ್ಕ ಒತ್ತೋ ಹಿಂದಿನ ತುದಿ) ತಗೊಳ್ಳಲೋ, ಇಲ್ಲಾ ಇದನ್ನ ಮಾರಿ ಹೊಸದಕ್ಕ ಹೋಗಲೋ?

ಬೆಳಗಾವಿ_ಅಪ್ಪ:
ನನ್ನ ಮಗಳಿಗೆ ಬಟ್ ಪ್ಲೇಟ್ ಬದಲಿಸಿದ ಮ್ಯಾಲೆ ರೈಫಲ್ ಪ್ರತಿ ಸಲ ಭುಜದ ಒಂದ ಜಾಗಕ್ಕ ಕೂಡಾಕತ್ತು. ಛಲೋ ಖರ್ಚು ಅದು. ಆದ್ರ ತಮ್ಮಾ, ಮೊದಲು ರೈಫಲ್ಲಿನ ಗಾಳಿ ಸಿಲಿಂಡರ್ ಮ್ಯಾಲಿನ ತಾರೀಖು ನೋಡು. ಅದರ ಆಯುಷ್ಯ ಸಾಮಾನ್ಯವಾಗಿ 10 ವರ್ಷ. ಹಳೆ ರೈಫಲ್ ತಗೊಂಡವರು ಇದನ್ನ ಮರ್ತಬಿಡ್ತಾರ.

ಮೈಸೂರು_ರೇಂಜ್:
ರೈಫಲ್ ಮಾರ್ಬೇಡಪ್ಪ. ಟಾರ್ಗೆಟ್ ಮಧ್ಯದ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಅಗಲ, ಪೆಲೆಟ್ (ಸೀಸದ ಪುಟ್ಟ ಗುಂಡು) 4.5 ಮಿ.ಮೀ. ಪೆಲೆಟ್ಟಿನ ಅಂಚು ಚುಕ್ಕೆಗೆ ತಾಗಿದ್ರೆ 10.0 ಪಾಯಿಂಟ್, ಅಂದ್ರೆ ನಡುವಿನಿಂದ 2.5 ಮಿ.ಮೀ. ದೂರ. ಅಲ್ಲಿಂದ ಒಳಕ್ಕೆ ಪ್ರತಿ 0.25 ಮಿ.ಮೀ.ಗೆ 0.1 ಏರುತ್ತೆ. ನಿನ್ನ 600 ಅಂದ್ರೆ ಸರಾಸರಿ 10.0. ನನ್ನ ರೈಫಲನ್ನ ವೈಸ್‌ಗೆ (ಅಲುಗದಂತೆ ಹಿಡಿಯೋ ಇಕ್ಕಳ) ಕಚ್ಚಿಸಿ ಹೊಡೆದ ಹಾಳೆ ಇನ್ನೂ ಇಟ್ಕೊಂಡಿದ್ದೀನಿ: ಐದು ಪೆಲೆಟ್ ಸೇರಿ ಮಾಡಿದ ತೂತು 5.5 ಮಿ.ಮೀ. ನಡುವಿನಿಂದ ಆಚೀಚೆ ಹೋಗಿದ್ದು ಸುಮಾರು ಅರ್ಧ ಮಿ.ಮೀ. ಅಷ್ಟೇ. ರೈಫಲ್ ಕಳೆಯೋದು ಒಂದೆರಡು ದಶಮಾಂಶ, ಮಿಕ್ಕಿದ್ದೆಲ್ಲ ನಾವು ನಿಲ್ಲೋ ರೀತಿ.

ನನಗೆ ಕೊನೆ ಎರಡು ಸೀರೀಸ್‌ನಲ್ಲಿ (ಹತ್ತತ್ತು ಶಾಟ್) 9.6, 9.4 ಬೀಳ್ತಿತ್ತು. ಅಂಗಡಿಯವರ ಮಾತು ಕೇಳಿ ಹೊಸ ಡಯಾಪ್ಟರ್ ಹಾಕಿಸ್ದೆ. ಮತ್ತೆ ಅದೇ 9.5. ಒಂದಿನ ಕೋಚ್, "ಕಣ್ಣು ಮುಚ್ಚಿ ರೈಫಲ್ ಎತ್ತು, ಕೆನ್ನೆ ಇಡು, ಈಗ ಕಣ್ಣು ಬಿಡು" ಅಂದ್ರು. ಬ್ಯಾರೆಲ್ ತುದಿಯಲ್ಲಿರೋ ಮುಂದಿನ ರಿಂಗ್ ಡಯಾಪ್ಟರ್ ಕಿಂಡಿಯ ನಡುವೆ ಇರ್ಲೇ ಇಲ್ಲ, ಒಂದು ಅಂಚಿಗೆ ಒತ್ಕೊಂಡಿತ್ತು. ಅದನ್ನ ನಡುವಿಗೆ ತರೋಕೆ ಅರವತ್ತು ಸಲ ಕತ್ತು ಎತ್ತಿ ಹಿಡೀತಿದ್ದೆ, ನಲವತ್ತರ ಹೊತ್ತಿಗೆ ಕತ್ತು ಸೋತುಹೋಗ್ತಿತ್ತು. ಅಲೆನ್ ಕೀ ತಗೊಂಡು ಚೀಕ್ ಪೀಸ್ (ಕೆನ್ನೆ ಇಡೋ ಭಾಗ) 4 ಮಿ.ಮೀ. ಎತ್ತರಿಸಿದ್ರು, ಪಕ್ಕದಲ್ಲಿ ಪೆನ್ಸಿಲ್ ಗೆರೆ ಎಳೆದ್ರು. ಆ ಗೆರೆ ಇವತ್ತೂ ಅಳಿಸಿಲ್ಲ. ಹತ್ತು ನಿಮಿಷದ ಕೆಲಸ, ಒಂದು ಪೈಸೆ ಖರ್ಚಿಲ್ಲ.

ದುಡ್ಡು ಹಾಕ್ಲೇಬೇಕು ಅಂದ್ರೆ ಪೆಲೆಟ್‌ಗೆ ಹಾಕು. 4.49, 4.50, 4.51, ಮೂರೂ ಅಳತೆಯದು ಒಂದೊಂದು ಡಬ್ಬಿ ತಂದು ವೈಸ್‌ನಲ್ಲಿ ಹೊಡೆದು ನೋಡು. ಯಾವುದು ಅತಿ ಚಿಕ್ಕ ತೂತು ಮಾಡುತ್ತೋ ಅದೇ ಬ್ಯಾಚ್ ನಂಬರಿನ ಡಬ್ಬಿಗಳನ್ನ ವರ್ಷಕ್ಕಾಗೋಷ್ಟು ತಂದಿಡು. ಆಮೇಲೆ ಶೂಟಿಂಗ್ ಜಾಕೆಟ್. ಸೊಂಟದ ಹತ್ರ ಮೆತ್ತಗಾಗಿ ಮಡಿಕೆ ಬಿದ್ದಿದ್ರೆ ಬೆನ್ನಿಗೆ ಆಸರೆ ಸಿಗಲ್ಲ.

ದಿನಾ 20 ನಿಮಿಷ ಬಿಳಿ ಗೋಡೆಗೆ ಹೋಲ್ಡಿಂಗ್ (ಗುರಿ ಹಿಡಿದು ನಿಲ್ಲೋದು), ಡ್ರೈ ಫೈರ್ (ಪೆಲೆಟ್ ಇಲ್ಲದೆ ಟ್ರಿಗರ್ ಒತ್ತೋದು) ಮಾಡು. ಬ್ಯಾರೆಲ್ ಖಾಲಿ ಇದೆ ಅಂತ ಎರಡು ಸಲ ನೋಡ್ಕೊ, ಮನೆಯಲ್ಲಂತೂ ತಪ್ಪದೆ. ಟ್ರಿಗರ್ ಬಿಟ್ಟಾಗ ಮುಂದಿನ ರಿಂಗ್ ಅಲುಗ್ತಾ ಅನ್ನೋದು ಗೋಡೆ ಮೇಲೆ ಸುಳ್ಳಿಲ್ಲದೆ ಕಾಣುತ್ತೆ.

ಧಾರವಾಡ_10ಮೀಟರ್:
ಮೂರು ವಾರ ಆದ ಮ್ಯಾಲೆ ಬರೀಲಿಕ್ಕತ್ತೀನಿ ಅಕ್ಕಾ. ಕಣ್ಣು ಮುಚ್ಚಿ ನೋಡಿದೆ, ನಂದೂ ರಿಂಗ್ ನಡುವ ಇರ್ಲಿಲ್ಲ. ಚೀಕ್ ಪೀಸ್ 3 ಮಿ.ಮೀ. ಎತ್ತರಿಸೇನಿ. ನನ್ನ ಬ್ಯಾರೆಲ್‌ಗೆ 4.50 ಹೊಂದ್ತು. ಮೊನ್ನೆ 606.8 ಬಂತು. ಸಿಲಿಂಡರ್‌ಗೆ ಒಂಬತ್ತು ವರ್ಷ ಆಗ್ಯಾವು. ಉಳಿದ ರೊಕ್ಕಕ್ಕ ಬಟ್ ಪ್ಲೇಟ್ ತಗೊಳ್ಲ್ಯಾ?

ಮೈಸೂರು_ರೇಂಜ್:
ಖುಷಿಯಾಯ್ತು ಕಣೋ! ಬೆಳಗಾವಿಯವರು ಹೇಳಿದ್ದೇ ಮೊದಲು: ಹೊಸ ಸಿಲಿಂಡರ್‌ಗೆ ದುಡ್ಡು ತೆಗೆದಿಡು. ಬಟ್ ಪ್ಲೇಟ್ ತಗೊಳ್ಳೋ ಮುಂಚೆ ಈಗಿರೋದನ್ನೇ ಒಂದೊಂದು ಗೀಟು ಮೇಲೆ ಕೆಳಗೆ ಮಾಡಿ ನೋಡು, ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಅಳತೆನೂ ಡೈರಿಯಲ್ಲಿ ಬರ್ಕೊ.