ಸಹಾಯ ಬೇಕು: ಹಳೇ ಪಿಕಪ್ ಮೈಲೇಜ್ ತುಂಬಾ ಇಳಿದಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು 2012ರ ಡೀಸೆಲ್ ಪಿಕಪ್. ಹೊಸಕೋಟೆಯಿಂದ ಬೆಂಗಳೂರಿನ ಕಲಾಸಿಪಾಳ್ಯಕ್ಕೆ ತರಕಾರಿ ಲೋಡ್ ಹೊಡೆಯುತ್ತೇವೆ. ಮೊದಲು ಲೀಟರಿಗೆ 13 ಕಿ.ಮೀ. ಕೊಡುತ್ತಿತ್ತು, ಈಗ 9 ದಾಟುತ್ತಿಲ್ಲ. ಬಾಡಿಗೆಯಲ್ಲಿ ಉಳಿಯುವುದೆಲ್ಲ ಡೀಸೆಲ್‌ಗೇ ಹೋಗುತ್ತಿದೆ.

ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡೂ ಹೊಸದು. ಟೈರ್ ಗಾಳಿಯೂ ಸರಿಯಾಗಿದೆ. ದಾರಿಯಲ್ಲಿ ಸಿಗುವ ಟಿನ್ ಫ್ಯಾಕ್ಟರಿ ಜಂಕ್ಷನ್ ಜಾಮ್‌ನಲ್ಲಿ ಡೀಸೆಲ್ ಜಾಸ್ತಿ ಕುಡಿಯುವುದು ಸಹಜ, ಅಲ್ವಾ? ಆದರೆ ಬೆಳಗಿನ ಜಾವ ಖಾಲಿ ರಸ್ತೆಯಲ್ಲೂ ಇದೇ ಕಥೆ. ಲೋಡ್ ಇಳಿಸುವಾಗ ಹಿಂದಿನ ಎಡ ಚಕ್ರದ ಬ್ರೇಕ್ ಡ್ರಮ್ ಹತ್ತಿರ ಕೈ ಇಟ್ಟರೆ ಸುಡುತ್ತದೆ, ಬಲಗಡೆಯದು ಬರೀ ಬೆಚ್ಚಗಿರುತ್ತದೆ. ನ್ಯೂಟ್ರಲ್‌ನಲ್ಲಿ ತಳ್ಳಿದರೂ ಗಾಡಿ ಸಲೀಸಾಗಿ ಉರುಳುವುದಿಲ್ಲ. ಬ್ರೇಕ್ ಹಿಡಿದುಕೊಂಡೇ ಇದೆ ಅಂತ ನನ್ನ ಅನುಮಾನ. ಫ್ಲೈಓವರ್ ಹತ್ತುವಾಗ ಕಪ್ಪು ಹೊಗೆಯೂ ಬರುತ್ತಿದೆ.

ಗ್ಯಾರೇಜಿನವರು ನಾಲ್ಕೂ ಇಂಜೆಕ್ಟರ್ (ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಬದಲಿಸಿ ಅನ್ನುತ್ತಿದ್ದಾರೆ. ಅಷ್ಟು ದುಡ್ಡು ಸುಮ್ನೆ ಸುರಿಯಲು ನಮ್ಮ ಕೈಲಿ ಆಗುವುದಿಲ್ಲ. ಮೊದಲು ಬ್ರೇಕ್ ಬಿಚ್ಚಿಸಿ ನೋಡಲೇ? ಇಂಜೆಕ್ಟರ್‌ಗಳನ್ನು ಟೆಸ್ಟ್ ಬೆಂಚ್ ಮೇಲೆ ಹಾಕಿ, ಕೆಟ್ಟಿರುವುದನ್ನು ಮಾತ್ರ ರಿಪೇರಿ ಮಾಡಿಕೊಡುವವರು ಜೆ.ಸಿ. ರಸ್ತೆ ಕಡೆ ಇದ್ದಾರಾ? ಎಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಟರ್ಬೋ ಪೈಪ್ ಸೀಳಿದರೂ ಕಪ್ಪು ಹೊಗೆ ಬರುತ್ತದೆ, ಅದನ್ನು ನಾವೇ ನೋಡಿ ಪತ್ತೆ ಮಾಡುವುದು ಹೇಗೆ? ಹಳೇ ಪಿಕಪ್ ಓಡಿಸುವ ಅಣ್ಣಂದಿರು ದಯವಿಟ್ಟು ತಿಳಿಸಿ.