ಲೋಡ್ ಎಳೆದ ಮೇಲೆ ಗಂಟು ಬಿಚ್ಚುವುದೇ ಇಲ್ಲ, ಯಾವ ಗಂಟು ಹಾಕಬೇಕು?

ಮುಧೋಳ_ಕಬ್ಬು:
ನಮ್ಮದು ಎರೆ ಹೊಲ. ಸ್ವಲ್ಪ ಮಳೆ ಬಿದ್ದರೂ ಸಾಕು, ಕಬ್ಬು ತುಂಬಿದ ಟ್ರೇಲರ್ ಗಾಲಿ ಅರ್ಧ ಹೂತು ಹೋಗುತ್ತದೆ. ಮುಂದೆ ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಜಗ್ಗುತ್ತೇವೆ. ಟ್ರೇಲರ್ ಏನೋ ಮೇಲೆ ಬರುತ್ತದೆ, ಆದರೆ ಗಂಟು ಕಲ್ಲಾಗಿರುತ್ತದೆ. ಸ್ಕ್ರೂಡ್ರೈವರ್ ಚುಚ್ಚಿ, ಸುತ್ತಿಗೆಯಲ್ಲಿ ಬಡಿದು, ಕೊನೆಗೆ ಕುಡಗೋಲು. ಹೀಗೆ ಕೊಯ್ದು ಕೊಯ್ದು ಹಗ್ಗವೇ ಗಿಡ್ಡ ಆಗಿದೆ. ಕೈಯಿಂದ ಬಿಚ್ಚುವ ಗಂಟು ಇದೆಯಾ? ನೈಲಾನ್ ಹಗ್ಗ, ಹೆಬ್ಬೆರಳು ದಪ್ಪ. ಚೈನ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ.

ಅಥಣಿ_ಲಾರಿ:
ಬೋಲೈನ್ ಹಾಕಿ ರೀ, ಎಳೆದರೂ ಕಿರಿದಾಗದ ಕುಣಿಕೆ ಗಂಟು ಅದು. ಹಗ್ಗದಲ್ಲಿ ಒಂದು ಸಣ್ಣ ಉಂಗುರ ಮಾಡಿ, ತುದಿಯ ಕಡೆಯ ಹಗ್ಗ ಮೇಲೆ ಬರಬೇಕು. ತುದಿಯನ್ನು ಹುಕ್ಕಿಗೆ ಸುತ್ತಿ ತಂದು ಉಂಗುರದ ಕೆಳಗಿನಿಂದ ಮೇಲಕ್ಕೆ ತೂರಿಸಿ, ಉದ್ದ ಹಗ್ಗದ ಹಿಂದಿನಿಂದ ಬಳಸಿ, ಮತ್ತೆ ಅದೇ ಉಂಗುರದೊಳಗೆ ಇಳಿಸಿ ಬಿಗಿ ಮಾಡಿ. ಬಿಚ್ಚುವಾಗ ಉದ್ದ ಹಗ್ಗವನ್ನು ಬಳಸಿರುವ ಆ ಬಾಗನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಮಡಚಿದರೆ ಸಾಕು, ಇಡೀ ಗಂಟು ಸಡಿಲ ಆಗುತ್ತದೆ. ಆದರೆ ಲೋಡ್ ಇಲ್ಲದೆ ಅಲ್ಲಾಡುತ್ತಿದ್ದರೆ ತಾನೇ ಸಡಿಲ ಆಗುತ್ತದೆ, ನೈಲಾನ್ ಬೇರೆ ಜಾರುತ್ತದೆ. ಅದಕ್ಕೆ ಗಂಟಿನಾಚೆ ಹಗ್ಗದ ದಪ್ಪದ 12 ಪಟ್ಟಾದರೂ ತುದಿಯ ಬಾಲ ಬಿಡಿ. ಪ್ರತಿ ಸಲ ಎಳೆಯುವ ಮೊದಲು ಒಮ್ಮೆ ನೋಡಿ.

ಬಾವಿಕಟ್ಟೆ:
ಬೋಲೈನ್ ಒಳ್ಳೆಯದೇ, ಆದರೆ ಲೋಡ್ ಇರುವಾಗಲೇ ಬಿಚ್ಚಬೇಕಾದರೆ ಅದು ಕೆಲಸಕ್ಕೆ ಬರುವುದಿಲ್ಲ. ತೆರೆದ ಬಾವಿಗೆ ಮೋಟರ್ ಇಳಿಸುವಾಗ ನಾವು ಗಂಟನ್ನೇ ನಂಬುವುದಿಲ್ಲ, ಬೇವಿನ ಬುಡಕ್ಕೆ ಸುತ್ತು ಹಾಕುತ್ತೇವೆ. ಭಾರವೆಲ್ಲ ಸುತ್ತಿನ ಮೇಲೇ ಬೀಳುತ್ತದೆ. ಲೆಕ್ಕ ಬೇಕಾ? ಹಗ್ಗಕ್ಕೂ ಮರಕ್ಕೂ ನಡುವಿನ ಘರ್ಷಣೆಯ ಗುಣಾಂಕ 0.25 ಅಂತ ಹಿಡಿದರೆ, ಒಂದು ಪೂರ್ತಿ ಸುತ್ತಿಗೆ ನಿಮ್ಮ ಕೈಬಲದ ಸುಮಾರು 5 ಪಟ್ಟು ಭಾರ ನಿಲ್ಲುತ್ತದೆ, ಎರಡಕ್ಕೆ 23 ಪಟ್ಟು, ಮೂರಕ್ಕೆ 100 ದಾಟುತ್ತದೆ. ಕೊನೆಗೆ ಎರಡು ಅರ್ಧಗಂಟು ಹಾಕಿ, ಅಷ್ಟೇ. ಅವುಗಳ ಮೇಲೆ ಜಾಸ್ತಿ ಎಳೆತ ಇಲ್ಲದ ಕಾರಣ ಯಾವಾಗ ಬೇಕಾದರೂ ಬಿಚ್ಚಬಹುದು, ನಿಧಾನವಾಗಿ ಬಿಟ್ಟುಕೊಡಬಹುದು.

ಮುಧೋಳ_ಕಬ್ಬು:
ಸರಿ, ಟ್ರೇಲರ್ ಹೊರಗೆ ಬಂದ ಮೇಲೆ ಎಳೆತ ಇರುವುದಿಲ್ಲ, ಹಾಗಾದರೆ ನನಗೆ ಬೋಲೈನ್ ಸಾಕು. ಕೊಯ್ದ ತುಂಡುಗಳನ್ನು ಜೋಡಿಸುವುದು ಹೇಗೆ? ಇಂಗ್ಲಿಷ್ 8ರ ಆಕಾರದ ಎಂಟರ ಗಂಟು ಗಟ್ಟಿ ಅನ್ನುತ್ತಾರೆ.

ಅಥಣಿ_ಲಾರಿ:
ಗಟ್ಟಿ ಹೌದು, ಆದರೆ ಟ್ರ್ಯಾಕ್ಟರ್ ಜಗ್ಗಿದ ಮೇಲೆ ಅದೂ ಕಗ್ಗಂಟೇ. ಒಂದು ಬೋಲೈನ್ ಕುಣಿಕೆಯೊಳಗೆ ಇನ್ನೊಂದನ್ನು ಸಿಕ್ಕಿಸಿ ಹಾಕಿ, ಎರಡೂ ಸುಲಭವಾಗಿ ಬಿಚ್ಚುತ್ತವೆ. ಸಿಕ್ಕಿದ ಜಾಗದಲ್ಲಿ ಹಗ್ಗಕ್ಕೆ ಹಗ್ಗ ತಿಕ್ಕಿ ಸವೆಯುತ್ತದೆ, ಅಲ್ಲಿ ಕಣ್ಣಿಟ್ಟಿರಿ. ಕುಣಿಕೆಗಳ ನಡುವೆ ಕೋಲು ಸಿಕ್ಕಿಸುವ ಉಪಾಯ ಕೆಲವರು ಹೇಳುತ್ತಾರೆ, ಹುಲ್ಲಿನ ಹೊರೆಗೆ ಓಕೆ, ಇಲ್ಲಿ ಸುಮ್ನೆ ಬೇಡ. ಕೋಲು ಮುರಿದರೆ ಯಾರ ಮುಖಕ್ಕೆ ಹಾರುತ್ತದೋ.

ಗೋಕಾಕ್_ಮೆಕ್ಯಾನಿಕ್:
ಯಾವ ಗಂಟು ಹಾಕಿದರೂ ಆ ಜಾಗದಲ್ಲಿ ಹಗ್ಗದ ಬಲ ಕಡಿಮೆ ಆಗುತ್ತದೆ, ಒದ್ದೆಯಾದ ನೈಲಾನ್ ಇನ್ನೂ ಸ್ವಲ್ಪ ಕಳೆದುಕೊಳ್ಳುತ್ತದೆ. ನೈಲಾನ್ ರಬ್ಬರಿನ ಹಾಗೆ ಹಿಗ್ಗುತ್ತದೆ ಅಲ್ವಾ, ಹರಿದರೆ ಚಾಟಿಯ ಏಟೇ. ಜಗ್ಗುವಾಗ ಹಗ್ಗದ ನೇರಕ್ಕೆ, ಹತ್ತಿರ ಯಾರೂ ನಿಲ್ಲಬೇಡಿ, ಹುಡುಗರನ್ನು ದೂರ ಕಳಿಸಿ. ಹುಕ್ಕಿನ ಅಂಚು ಚೂಪಾಗಿದ್ದರೆ ಗೋಣಿಚೀಲ ಸುತ್ತಿ. ಕ್ಲಚ್ ಒಮ್ಮೆಲೇ ಬಿಟ್ಟು ಜರ್ಕ್ ಕೊಡಬೇಡಿ, ಮೊದಲು ಹಗ್ಗ ಬಿಗಿಯಾಗಲಿ, ಆಮೇಲೆ ಎಳೆಯಿರಿ.